ಐದನೇ ನಕ್ಷತ್ರಕ್ಕೆ 33 ವರ್ಷ

ಫೀಲ್ಡ್ ಮಾರ್ಷಲ್ ಅಂದ ಕೂಡಲೇ ನಮಗೆ ಕೊಡಗಿನ ಕಾರ್ಯಪ್ಪ ನೆನಪಾಗುತ್ತಾರೆ. ವಾಯುಪಡೆಯಲ್ಲೂ ಅದಕ್ಕೆ ಸಮನಾದ ಐದು ನಕ್ಷತ್ರದ ಪದವಿ ಇದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ತಪ್ಪೇನಿಲ್ಲ ಬಿಡಿ. ಅದು ಈವರೆಗೆ ಸಿಕ್ಕಿರುವುದು ಒಬ್ಬರಿಗೇ, ಅರ್ಜನ್ ಸಿಂಗ್ ಅವರಿಗೆ.

ಹುಟ್ಟಿದ್ದು 1919ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಲ್ಯಾಲ್‌ಪುರದಲ್ಲಿ. 19ಕ್ಕೇ ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ತರಬೇತಿಗೆ ಸೇರಿದರು. 1944ರಲ್ಲಿ, ಎರಡನೇ ಮಹಾಯುದ್ಧದ ಇಂಫಾಲ ಕಾಳಗದಲ್ಲಿ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಮುನ್ನಡೆಸಿ ಡಿಎಫ್‌ಸಿ ಎಂಬ ಶೌರ್ಯಪದಕ ಪಡೆದರು. ಮರುವರ್ಷವೇ ಕೇರಳದ ಕಣ್ಣೂರಿನಲ್ಲಿ ಮನೆಗಳ ಮೇಲೆ ತೀರಾ ಕೆಳಗೆ ವಿಮಾನ ಹಾರಿಸಿ ಕೋರ್ಟ್ ಮಾರ್ಷಲ್ (ಸೇನಾ ವಿಚಾರಣೆ) ಎದುರಿಸಿದರು! 1947ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ನೂರಕ್ಕೂ ಹೆಚ್ಚು ವಿಮಾನಗಳು ಹಾರಿದಾಗ ಮುಂದಿದ್ದವರೂ ಇವರೇ.

1964ರಲ್ಲಿ ವಾಯುಪಡೆಯ ಮುಖ್ಯಸ್ಥರಾದಾಗ ವಯಸ್ಸು 45. ಆಗ ಆ ಹುದ್ದೆಗಿದ್ದುದು ಏರ್ ಮಾರ್ಷಲ್ ಪದವಿ, ಅಂದರೆ ಮೂರು ನಕ್ಷತ್ರ. ಭೂಸೇನೆಯ ಮುಖ್ಯಸ್ಥರಿಗೆ ನಾಲ್ಕು. ಬರೀ ಭುಜದ ಮೇಲಿನ ಪಟ್ಟಿ ಅನ್ನಿಸಬಹುದು. ಆದರೆ ಯಾರ ಮಾತಿಗೆ ತೂಕ ಜಾಸ್ತಿ ಅನ್ನುವುದು ಅದರಲ್ಲೇ ಇರುತ್ತದೆ, ಅಲ್ವಾ?

1965ರ ಸೆಪ್ಟೆಂಬರ್ 1. ಪಾಕ್ ಟ್ಯಾಂಕುಗಳು ಜಮ್ಮುವಿನ ಛಾಂಬ್ ದಾಟಿ ಅಖ್ನೂರಿನತ್ತ ನುಗ್ಗಿದ್ದವು. ವಾಯುಪಡೆ ನೆರವಿಗೆ ಬರಲು ಎಷ್ಟು ಹೊತ್ತು ಬೇಕು ಎಂದು ರಕ್ಷಣಾ ಸಚಿವ ಚವಾಣ್ ಕೇಳಿದಾಗ ಅರ್ಜನ್ ಸಿಂಗ್ ಒಂದು ಗಂಟೆ ಎಂದರು. ಅಷ್ಟರೊಳಗೇ ವಿಮಾನಗಳು ಮೇಲೇರಿದವು. ಅದರ ಬೆಲೆಯನ್ನೂ ಹೇಳಬೇಕು. ಆ ಸಂಜೆ ನಮ್ಮ ಹಳೆಯ ವ್ಯಾಂಪೈರ್ ವಿಮಾನಗಳು ನಾಲ್ಕು ಹೋದವು. 6ರಂದು ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ವಿಮಾನಗಳೇ ಸುಟ್ಟವು. ಆದರೂ ನಮ್ಮ ಪುಟ್ಟ ನ್ಯಾಟ್ ವಿಮಾನಗಳು ಪಾಕಿಸ್ತಾನದ ಬಳಿಯಿದ್ದ ಅಮೆರಿಕದ ಸೇಬರ್‌ಗಳಿಗೆ ಎದೆಯೊಡ್ಡಿ ನಿಂತವು. ನ್ಯಾಟ್ ತಯಾರಾಗುತ್ತಿದ್ದುದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಯುದ್ಧದ ಕೊನೆಯ ದಿನಗಳಲ್ಲಿ ಹಂಟರ್ ವಿಮಾನದಿಂದ ಜಿಗಿದು ಸೆರೆ ಸಿಕ್ಕ ಪೈಲಟ್ ನಂದಾ ಕಾರ್ಯಪ್ಪ, ಅದೇ ಕಾರ್ಯಪ್ಪನವರ ಮಗ.

ಈ ಯುದ್ಧದ ನಂತರ, 1966ರಲ್ಲಿ ಸರ್ಕಾರ ಮುಖ್ಯಸ್ಥರ ಹುದ್ದೆಯನ್ನು ಏರ್ ಚೀಫ್ ಮಾರ್ಷಲ್ ದರ್ಜೆಗೆ ಏರಿಸಿತು. ನಾಲ್ಕನೇ ನಕ್ಷತ್ರ ಬಂತು.

1969ರಲ್ಲಿ ನಿವೃತ್ತಿ. ಆಮೇಲೆ ಸ್ವಿಟ್ಜರ್ಲೆಂಡ್, ಕೆನ್ಯಾದಲ್ಲಿ ರಾಯಭಾರ, ಸ್ವಲ್ಪ ಕಾಲ ದೆಹಲಿಯ ಲೆಫ್ಟಿನೆಂಟ್ ಗವರ್ನರ್. ಐದನೇ ನಕ್ಷತ್ರ ಬಂದದ್ದು 2002ರಲ್ಲಿ, 82ರ ವಯಸ್ಸಿನಲ್ಲಿ. ಭೂಸೇನೆಯ ಮುಖ್ಯಸ್ಥ ಮಾಣೆಕ್‌ಷಾ ಅವರಿಗೆ 1973ರಲ್ಲಿ, 1971ರ ಯುದ್ಧ ಗೆದ್ದ ಬಿಸಿಯಲ್ಲೇ ಸಿಕ್ಕಿತ್ತು. 1953ರಲ್ಲಿ ನಿವೃತ್ತರಾದ ಕಾರ್ಯಪ್ಪನವರಿಗೆ ಸಿಕ್ಕಿದ್ದು 1986ರಲ್ಲಿ. ಲೆಕ್ಕ ಹಾಕಿ ನೋಡಿ, ನಿವೃತ್ತಿಯ ನಂತರ ಅರ್ಜನ್ ಸಿಂಗ್, ಕಾರ್ಯಪ್ಪ ಇಬ್ಬರೂ ಕಾದದ್ದು 33 ವರ್ಷ.

ಐದು ನಕ್ಷತ್ರದವರಿಗೆ ನಿವೃತ್ತಿ ಇಲ್ಲ. 2015ರ ಜುಲೈಯಲ್ಲಿ ಅಬ್ದುಲ್ ಕಲಾಂ ಅವರ ಪಾರ್ಥಿವ ಶರೀರ ದೆಹಲಿಯ ಪಾಲಂ ವಿಮಾನ ನಿಲ್ದಾಣಕ್ಕೆ ಬಂದಾಗ, 96ರ ಅರ್ಜನ್ ಸಿಂಗ್ ಗಾಲಿಕುರ್ಚಿಯಲ್ಲಿ ಬಂದಿದ್ದರು. ಸೆಲ್ಯೂಟ್ ಹೊಡೆಯುವಾಗ ಮಾತ್ರ ಎದ್ದು ನಿಂತರು.