‘ರಕ್ತ ಎಲ್ಲಿತ್ತು?’ ಎಂದು ಕೇಳುವ ವ್ಯಾಕರಣ

ಅಂಡಮಾನ್ ದ್ವೀಪಗಳ ಗ್ರೇಟ್ ಅಂಡಮಾನೀಸ್ ಭಾಷೆಯಲ್ಲಿ ಸುಮ್ನೆ ‘ರಕ್ತ’ ಅನ್ನಲು ಬರುವುದಿಲ್ಲ. ರಕ್ತಕ್ಕೆ ಏನಂತೀರಿ ಎಂದು ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಕೇಳಿದರೆ, ಆ ಭಾಷೆ ಆಡುವ ನಾವೊ ಜೂನಿಯರ್ ಎಂಬ ಹಿರಿಯರು ‘ಎಲ್ಲಿ ನೋಡಿದಿರಿ?’ ಎಂದು ತಿರುಗಿ ಕೇಳಿದರಂತೆ. ಬೆರಳ ಮೇಲಾದರೆ ‘ಒಂಗ್‌ತೆಯ್’. ಪಾದದ ಮೇಲಾದರೆ ‘ಓತೆಯ್’. ಮೈಯೊಳಗೇ ಸೋರಿದ್ದಾದರೆ ‘ಎತೆಯ್’. ‘ತೆಯ್’ ಎಲ್ಲದರಲ್ಲೂ ಇದೆ, ಅದರ ಮೊದಲಿಗೆ ಅಂಟುವ ತುಣುಕು ಮಾತ್ರ ಬೇರೆ.

ಈ ಭಾಷೆ ಮೈಯನ್ನು ಏಳು ಭಾಗ ಮಾಡುತ್ತದೆ. ಬಾಯಿಗೊಂದು, ಕೈಕಾಲ ಬೆರಳಿಗೊಂದು, ಒಳಗಿನ ಅಂಗಗಳಿಗೊಂದು, ಹೀಗೆ ಏಳು ತುಣುಕುಗಳು. ನಾವೂ ಕುರ್ಚಿಗೆ ಕಾಲು, ಬಾವಿಗೆ ಬಾಯಿ ಕೊಟ್ಟಿದ್ದೇವೆ, ಅಲ್ವಾ? ಆದರೆ ನಮಗದು ಕೆಲವು ಪದಗಳ ಮಾತು. ಅಲ್ಲಿ ಕ್ರಿಯಾಪದಕ್ಕೂ ಗುಣವಾಚಕಕ್ಕೂ ಇವೇ ತುಣುಕುಗಳು ಅಂಟುತ್ತವೆ. ಯಾರದ್ದು ಎಂದು ಸೇರಿಸದೆ ‘ತಲೆ’ ಎನ್ನುವಂತೆಯೂ ಇಲ್ಲ. ಇಂಥ ಕಟ್ಟುಪಾಡು ಬೇರೆಲ್ಲೂ ಇಲ್ಲ, ನೆರೆಯ ಜರಾವಾ, ಒಂಗೆ ಭಾಷೆಗಳೂ ಇದರ ಬಳಗವಲ್ಲ ಎಂಬುದು ಅಬ್ಬಿ ಅವರ ವಾದ.

ಬ್ರಿಟಿಷರು 1858ರಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಕೈದಿಗಳ ನೆಲೆ ಮಾಡಿದಾಗ ಗ್ರೇಟ್ ಅಂಡಮಾನೀಸರು 5,000ಕ್ಕೂ ಜಾಸ್ತಿ ಇದ್ದರೆಂಬ ಅಂದಾಜಿದೆ. ಹತ್ತು ಬುಡಕಟ್ಟು, ಒಂದೊಂದಕ್ಕೂ ಅದರದೇ ನುಡಿ. ಆಮೇಲೆ ಸಿಫಿಲಿಸ್ ಬಂತು, 1877ರಲ್ಲಿ ದಡಾರ ಬಂತು. 1961ರ ಜನಗಣತಿಯಲ್ಲಿ ಉಳಿದಿದ್ದವರು 19 ಮಂದಿ. ನಂತರ ಸರ್ಕಾರ ಅವರನ್ನು ಪುಟ್ಟ ಸ್ಟ್ರೇಟ್ ದ್ವೀಪಕ್ಕೆ ಸೇರಿಸಿತು. ಬೇರೆ ಬೇರೆ ಬುಡಕಟ್ಟಿನವರು ಒಂದೇ ಕಡೆ ಬಾಳಬೇಕಾಗಿದ್ದರಿಂದ ಅಬ್ಬಿ ದಾಖಲಿಸಿದ್ದು ಜೆರು, ಸಾರೆ, ಬೋ, ಖೋರಾ ನಾಲ್ಕೂ ಬೆರೆತ ಮಾತು. ಶುದ್ಧ ಭಾಷೆ ಬೇಕೆನ್ನುವವರು ಮೂಗು ಮುರಿದಾರು. ನನಗೆ ಮಾತ್ರ ಈ ಬೆರಕೆಯಲ್ಲಿ ಬದುಕುವ ಹಟವೇ ಕಾಣುತ್ತದೆ.

ನಾವೊ ಜೂನಿಯರ್ 2009ರಲ್ಲಿ ತೀರಿಕೊಂಡರು. 2010ರ ಜನವರಿಯಲ್ಲಿ ಬೋವಾ ಸೀನಿಯರ್ ಜೊತೆ ಬೋ ನುಡಿ, 2020ರಲ್ಲಿ ಲಿಚೊ ಅವರ ಜೊತೆ ಸಾರೆ ನುಡಿ ಹೋಯಿತು. ಪ್ರತಿ ಸಲವೂ ಪತ್ರಿಕೆಗಳಲ್ಲಿ ‘ಕೊನೆಯ ಮಾತುಗಾರ್ತಿ’ ಎಂಬ ತಲೆಬರಹ. ಓದಿದವರಿಗೆ ಜನಾಂಗವೇ ಮುಗಿದಂತೆ ಅನ್ನಿಸಬಹುದು. ಹಾಗೇನಿಲ್ಲ, ಸುಮಾರು ಐವತ್ತು ಜನ ಇದ್ದಾರೆ. ಮಕ್ಕಳು ಆಡುವುದು ಹಿಂದಿ. ಅಬ್ಬಿ ಅವರ ನಿಘಂಟಿನಲ್ಲಿ ಇಂಗ್ಲಿಷ್ ಜೊತೆ ಹಿಂದಿ ಅರ್ಥವೂ ಇರುವುದರಿಂದ ಅಜ್ಜಂದಿರ ಪದಗಳನ್ನು ಆ ಮಕ್ಕಳೂ ಹುಡುಕಿಕೊಳ್ಳಬಹುದು.