ಹಸುಗೂಸಿನ ವಸಡಿನ ಗಡ್ಡೆ: ಹುಟ್ಟಿದ ಮೇಲೆ ಬೆಳೆಯದ ಗಂಟು

ಕೂಸು ಅತ್ತಾಗ ತುಟಿಗಳ ನಡುವೆ ಕೆಂಪಗಿನ, ನುಣ್ಣನೆಯ ಗಂಟೊಂದು ಇಣುಕುತ್ತದೆ. ಮುಟ್ಟಿದರೆ ರಬ್ಬರಿನಷ್ಟು ಗಟ್ಟಿ. ಸಾಮಾನ್ಯವಾಗಿ ಸಣ್ಣ ತೊಟ್ಟಿನ ಮೇಲೆ ಅಲುಗಾಡುತ್ತದೆ. ಮನೆಯವರಿಗೆ ಮೊದಲು ಬರುವ ಭಯ ಕ್ಯಾನ್ಸರಿನದು. ಆದರೆ ವಸಡಿನ ಅಂಚಿನಲ್ಲಿ ಹೀಗೆ ಹುಟ್ಟಿಬರುವ ‘ಕಂಜೆನಿಟಲ್ ಎಪುಲಿಸ್’ ಕ್ಯಾನ್ಸರ್ ಅಲ್ಲ.

1871ರಲ್ಲಿ ಇದನ್ನು ಮೊದಲು ವಿವರಿಸಿದವರು ಪ್ರಶ್ಯದ ಕೊನಿಗ್ಸ್‌ಬರ್ಗ್‌ನ ರೋಗಶಾಸ್ತ್ರಜ್ಞ ಅರ್ನ್ಸ್ಟ್ ನಾಯ್ಮನ್. ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆಂದು 1868ರಲ್ಲಿ ತೋರಿಸಿದವರೂ ಇವರೇ. 1926ರಲ್ಲಿ ರಷ್ಯದ ರೋಗಶಾಸ್ತ್ರಜ್ಞ ಅಬ್ರಿಕೊಸಾಫ್ ನಾಲಿಗೆಯ ಇನ್ನೊಂದು ಗಡ್ಡೆಯನ್ನು ವಿವರಿಸಿದ ಮೇಲೆ ಗೊಂದಲ ಶುರುವಾಯಿತು. ಸೂಕ್ಷ್ಮದರ್ಶಕದಡಿ ಎರಡರಲ್ಲೂ ರವೆ ತುಂಬಿದಂತೆ ಕಾಣುವ ದಪ್ಪ ಜೀವಕೋಶಗಳಿದ್ದವು. ಎರಡೂ ಒಂದೇ ಎಂದು ಹಲವರು ಎಣಿಸಿದರು. ಮುಂದೆ, ನರಸಂಬಂಧಿ ಜೀವಕೋಶಗಳಲ್ಲಿರುವ ಎಸ್-100 ಎಂಬ ಪ್ರೋಟೀನಿನ ಪರೀಕ್ಷೆ ಅವನ್ನು ಬೇರ್ಪಡಿಸಿತು: ಅಬ್ರಿಕೊಸಾಫ್ ಗಡ್ಡೆಯಲ್ಲಿ ಅದು ಸಿಗುತ್ತದೆ, ಕೂಸಿನ ಗಡ್ಡೆಯಲ್ಲಿ ಸಿಗುವುದಿಲ್ಲ.

ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಇದು ಸುಮಾರು 8ರಿಂದ 10 ಪಟ್ಟು ಹೆಚ್ಚು. ಮೇಲ್ದವಡೆಯಲ್ಲೇ ಜಾಸ್ತಿ, ಮುಂದೆ ಕೋರೆಹಲ್ಲು ಬರುವ ಜಾಗದ ಆಸುಪಾಸಿನಲ್ಲಿ. ತಾಯಿಯ ಹಾರ್ಮೋನುಗಳ ಮೇಲೆ ಅನುಮಾನವಿತ್ತು, ಆದರೆ ಹುಡುಕಿದ ಹೆಚ್ಚಿನ ಗಡ್ಡೆಗಳಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಸಿಗಲಿಲ್ಲ. ಹೆರಿಗೆಯಾದ ಮೇಲೆ ಬೆಳವಣಿಗೆ ನಿಲ್ಲುವುದಂತೂ ನಿಜ. ವೈದ್ಯರಿಗೆ ಇದೇ ದೊಡ್ಡ ಸುಳಿವು. ಹುಟ್ಟಿದ ವಾರಗಳಲ್ಲಿ ಸರಸರ ಬೆಳೆಯುವ, ನೀಲಿಗಪ್ಪು ಬಣ್ಣದ, ಮೂಳೆ ತಿನ್ನುವ ಗಡ್ಡೆಯಾದರೆ ಅದು ‘ಮೆಲನಾಟಿಕ್ ನ್ಯೂರೋಎಕ್ಟೋಡರ್ಮಲ್ ಟ್ಯೂಮರ್’ ಎಂಬ ಬೇರೊಂದು ಗಡ್ಡೆ ಇರಬಹುದು. ಸ್ಕ್ಯಾನ್‌ಗೆ ತಡ ಮಾಡಬಾರದು. ಅಂಗುಳಿನ ನಡುಗೆರೆಯಲ್ಲಿ ಸಾಸಿವೆಯಷ್ಟು ಬಿಳಿ ಮಣಿಗಳಿದ್ದರೆ ಅವು ಎಪ್‌ಸ್ಟೀನ್ ಮುತ್ತುಗಳು, ಕೆಲವು ವಾರಗಳಲ್ಲಿ ತಾವೇ ಹೋಗುತ್ತವೆ.

ಎಪುಲಿಸ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಕೂಸು ಉಸಿರಾಡುತ್ತಿದೆಯೇ, ಬಾಯಿ ಮುಚ್ಚಿ ಚೀಪುತ್ತಿದೆಯೇ ಎಂಬುದನ್ನೇ ಮೊದಲು ನೋಡಬೇಕು. ಎರಡೂ ಸರಿಯಿದ್ದರೆ ಸಣ್ಣ ಗಂಟನ್ನು ಕಾದು ನೋಡಬಹುದು. ಕೆಲವು ತಾವಾಗಿಯೇ ಕುಗ್ಗುತ್ತವೆ. ಚೀಪಲಾಗದಿದ್ದರೆ ಶಸ್ತ್ರಕ್ರಿಯೆಯವರೆಗೆ ಹಿಂಡಿದ ಎದೆಹಾಲನ್ನು ವೈದ್ಯರ ಸಲಹೆಯಂತೆ ಒಳಲೆಯಲ್ಲೋ ನಳಿಕೆಯಲ್ಲೋ ಕೊಡುತ್ತಾರೆ. ದಾರ ಕಟ್ಟುವುದು, ಸೂಜಿ ಚುಚ್ಚುವುದು ಖಂಡಿತ ಬೇಡ: ರಕ್ತ ಸುರಿಯಬಹುದು, ನಂಜಾಗಬಹುದು, ಕಳಚಿದ ತುಂಡು ಶ್ವಾಸನಾಳಕ್ಕೆ ಇಳಿಯಬಹುದು.

ಶಸ್ತ್ರಕ್ರಿಯೆಯಲ್ಲಿ ತೊಟ್ಟನ್ನು ವಸಡಿನ ಮಟ್ಟಕ್ಕೆ ಕತ್ತರಿಸಿ, ರಕ್ತ ನಿಲ್ಲಿಸಿ, ತುಂಡನ್ನು ಪರೀಕ್ಷೆಗೆ ಕಳಿಸುತ್ತಾರೆ. ಇನ್ನೂ ಆಳಕ್ಕೆ ಹೋಗಬಾರದು: ಕೆಳಗೆ ಹಾಲುಹಲ್ಲಿನ ಮೊಗ್ಗುಗಳಿರುತ್ತವೆ. ಸ್ವಲ್ಪ ಉಳಿದರೂ ಅದು ಮತ್ತೆ ಬೆಳೆಯುವುದಿಲ್ಲ. ಗರ್ಭದ ಕೊನೆಯ ತಿಂಗಳುಗಳ ಅಲ್ಟ್ರಾಸೌಂಡಿನಲ್ಲೇ ದೊಡ್ಡ ಗಡ್ಡೆ ಕಂಡು, ಗರ್ಭದಲ್ಲಿ ಕೂಸಿನ ಸುತ್ತಲಿನ ನೀರೂ ಹೆಚ್ಚಿದ್ದರೆ, ಹುಟ್ಟಿದ ಕ್ಷಣವೇ ಕೂಸಿನ ಉಸಿರಿನ ದಾರಿ ಕಾಯಬಲ್ಲ ತಂಡವಿರುವ ಆಸ್ಪತ್ರೆಯಲ್ಲಿ ಹೆರಿಗೆ ಗೊತ್ತುಮಾಡಿಕೊಳ್ಳಬೇಕು.