ಲೇಸರ್‌ಗೆ ಕಾಣುವುದು ಕಪ್ಪು ಮಾತ್ರ

ಗಡ್ಡದ ಕೂದಲು ಹೋಗಲಾಡಿಸಲು ಲೇಸರ್ ಮಾಡಿಸಬೇಕು ಎಂದುಕೊಂಡವರು ಮೊದಲು ಕೇಳುವುದು ನೋವಿನ ಬಗ್ಗೆ. ನೋಯುತ್ತದೆ, ಗಡ್ಡದ ಜಾಗದಲ್ಲಿ ಸ್ವಲ್ಪ ಜಾಸ್ತಿಯೇ. ಆದರೆ ಅದಕ್ಕಿಂತ ಮುಖ್ಯವಾದ ಒಂದು ವಿಷಯವಿದೆ. ಲೇಸರ್‌ಗೆ ಕೂದಲು ಯಾವುದು, ಚರ್ಮ ಯಾವುದು ಅಂತ ಗೊತ್ತಿಲ್ಲ. ಅದಕ್ಕೆ ಕಾಣುವುದು ಕಪ್ಪು ಬಣ್ಣ ಮಾತ್ರ.

ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಲೇಸರಿನ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಬಿಸಿ ಸುತ್ತ ಹರಡಿ, ಕೂದಲು ಹುಟ್ಟಿಸುವ ಜೀವಕೋಶಗಳನ್ನು ಸುಡುತ್ತದೆ. ಬೆಳಕಿನ ಬಣ್ಣವನ್ನೂ ಅದು ಮಿಂಚುವ ಹೊತ್ತನ್ನೂ ಸರಿಯಾಗಿ ಆರಿಸಿದರೆ ಬೇಕಾದ್ದನ್ನಷ್ಟೇ ಸುಟ್ಟು ಪಕ್ಕದ್ದನ್ನು ಉಳಿಸಬಹುದು ಎಂದು ಅಮೆರಿಕದ ವಿಜ್ಞಾನಿಗಳಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ 1983ರಲ್ಲಿ ವಿವರಿಸಿದರು. ತೊಡಕು ಇಷ್ಟೇ: ಮೆಲನಿನ್ ಚರ್ಮದಲ್ಲೂ ಇದೆ. ಚರ್ಮ ಕಪ್ಪಾದಷ್ಟೂ ಬಿಸಿ ಅಲ್ಲೇ ನಿಂತು ಸುಟ್ಟ ಗಾಯವೋ ಕಲೆಯೋ ಆಗುವ ಭಯ ಹೆಚ್ಚು.

ಹಾಗಾಗಿ ‘ಎಷ್ಟು ದುಡ್ಡು’ ಎನ್ನುವ ಮೊದಲು ‘ಯಾವ ಲೇಸರ್’ ಎಂದು ಕೇಳಿ. 755 ನ್ಯಾನೊಮೀಟರಿನ (ಇದು ಬೆಳಕಿನ ಅಲೆಯ ಉದ್ದ) ಅಲೆಕ್ಸಾಂಡ್ರೈಟ್ ಲೇಸರ್ ತಿಳಿ ಬಣ್ಣದ ಚರ್ಮಕ್ಕೆ ಚೆನ್ನ. 800ರ ಆಸುಪಾಸಿನ ಡಯೋಡ್ ನಡುವಿನದು. 1064ರ ಎನ್‌ಡಿ ಯಾಗ್ ಆಳಕ್ಕೆ ಇಳಿಯುತ್ತದೆ, ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಅದಕ್ಕೇ ಕಪ್ಪು ಚರ್ಮಕ್ಕೆ ಇದು ಹೆಚ್ಚು ಸುರಕ್ಷಿತ. ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಎಂಬುದು ಲೇಸರ್ ಅಲ್ಲವೇ ಅಲ್ಲ, ಹಲವು ಬಣ್ಣ ಬೆರೆತ ದೀಪದ ಬೆಳಕು. ಯಾವುದೇ ಆಗಲಿ, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ, ಕೆಲವು ದಿನ ಕಾದು ನೋಡಿ. ಪರೀಕ್ಷೆ ಬೇಡ ಎನ್ನುವವರ ಕೈಗೆ ನಾನಂತೂ ಮುಖ ಕೊಡುವುದಿಲ್ಲ.

ಗಡ್ಡಕ್ಕೆ ಇನ್ನೊಂದು ರಗಳೆ ಇದೆ. ಅದು ಗಂಡಸಿನ ಹಾರ್ಮೋನಿನ ಮಾತು ಕೇಳಿ ಬೆಳೆಯುವಂಥದ್ದು. ಕೂದಲು ದಪ್ಪ, ಬೇರು ಆಳ. ಲೇಸರ್ ಏಟು ತಾಗುವುದು ಆಗ ಬೆಳೆಯುತ್ತಿರುವ ಕೂದಲಿಗೆ ಮಾತ್ರ. ಉಳಿದವು ಮಲಗಿರುತ್ತವೆ, ಆಮೇಲೆ ಏಳುತ್ತವೆ. ಅದಕ್ಕೇ 4ರಿಂದ 6 ವಾರಕ್ಕೊಮ್ಮೆ, ಹಲವು ಸಲ ಹೋಗಬೇಕು. ಅಷ್ಟಾದರೂ ಸಿಗುವುದು ಬಹುಕಾಲ ಉಳಿಯುವ ಇಳಿಕೆ. ‘ಒಂದೂ ಕೂದಲು ಬರಲ್ಲ’ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಬಿಳಿ ಕೂದಲಂತೂ ಲೇಸರ್‌ಗೆ ಕಾಣುವುದೇ ಇಲ್ಲ. ಗಡ್ಡ ಅರ್ಧ ನರೆತಿದ್ದರೆ ಕರಿದು ಹೋಗಿ ಬಿಳಿದಷ್ಟೇ ಉಳಿಯುತ್ತದೆ, ಬೇಕಾ ಅದು? ಶೇವ್ ಮಾಡಿದಾಗಲೆಲ್ಲ ಕೂದಲು ಒಳಕ್ಕೆ ಸುರುಳಿಯಾಗಿ ಗುಳ್ಳೆ ಏಳುವವರಿಗೆ ಮಾತ್ರ ಇದು ದೊಡ್ಡ ನೆಮ್ಮದಿ. ಕುತ್ತಿಗೆಗಷ್ಟೇ ಮಾಡಿಸಿದರೂ ಸಾಕು. ಮುಂದೆಂದಾದರೂ ಗಡ್ಡ ಬಿಡುವ ಆಸೆಯಿದ್ದರೆ ಕೆನ್ನೆಯನ್ನು ಮುಟ್ಟಿಸಬೇಡಿ.

ತಯಾರಿಯ ನಿಯಮಗಳೂ ಆ ಕಪ್ಪಿನಿಂದಲೇ ಹುಟ್ಟಿದವು. ವ್ಯಾಕ್ಸ್, ಥ್ರೆಡಿಂಗ್, ಚಿಮುಟ ನಾಲ್ಕು ವಾರ ಮೊದಲೇ ನಿಲ್ಲಿಸಿ. ಬೇರೇ ಕಿತ್ತುಬಂದರೆ ಲೇಸರ್ ಹುಡುಕುವುದೇನನ್ನು? ಶೇವ್ ಮಾತ್ರ ಮಾಡಲೇಬೇಕು, ಹಿಂದಿನ ದಿನ. ಇಲ್ಲದಿದ್ದರೆ ಹೊರಗಿರುವ ಕೂದಲು ಸುಟ್ಟು ಚರ್ಮವನ್ನೂ ಸುಡುತ್ತದೆ. ಬಿಸಿಲಿಗೆ ಚರ್ಮ ಕಪ್ಪೇರಿದ್ದರೆ ಅದು ಇಳಿಯುವ ತನಕ ಕಾಯಿರಿ, ಸನ್‌ಸ್ಕ್ರೀನ್ ಬಿಡಬೇಡಿ. ಮೊಡವೆಗೆ ರೆಟಿನಾಯ್ಡ್ ಕ್ರೀಮ್, ಐಸೊಟ್ರೆಟಿನಾಯಿನ್ ಮಾತ್ರೆ ಬಳಸುತ್ತಿದ್ದರೆ, ತುಟಿಯಲ್ಲಿ ಹರ್ಪಿಸ್ ಗುಳ್ಳೆ ಎದ್ದದ್ದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮರಗಟ್ಟಿಸುವ ಕ್ರೀಮನ್ನು ನೀವೇ ಮುಖದ ತುಂಬ ಮೆತ್ತಿಕೊಳ್ಳಬೇಡಿ, ಅದು ರಕ್ತಕ್ಕೆ ಸೇರುತ್ತದೆ. ಕಣ್ಣಿಗೆ ರಕ್ಷಾ ಕನ್ನಡಕ ಬೇಕೇ ಬೇಕು. ಅದು ಇದ್ದರೂ ಹುಬ್ಬಿನ ಕೆಳಗೆ ಲೇಸರ್ ಬೇಡ.

ಮಾಡಿಸಿಕೊಂಡ ಒಂದೆರಡು ವಾರಕ್ಕೆ ಕರಿ ಚುಕ್ಕೆಗಳು ಮೇಲೇಳುತ್ತವೆ. ‘ಸುಮ್ನೆ ದುಡ್ಡು ಹೋಯ್ತು, ಮತ್ತೆ ಬೆಳೀತಿದೆ’ ಅನ್ನಿಸುತ್ತದೆ. ಕೀಳಲು ಹೋಗಬೇಡಿ. ಅವುಗಳಲ್ಲಿ ಹೆಚ್ಚಿನವು ಸತ್ತ ಕೂದಲು, ಮುಖ ತೊಳೆಯುವಾಗ ತಾವೇ ಉದುರುತ್ತವೆ.